ಖಂಡೇನವಮಿಗೆ ರಿವಾಲ್ವರ್ ತಿಕ್ಕಬೇಡಿ

ದಸರಾ ಮುಗಿದ ವಾರ ಬೆಳಗಾವಿಯ ನನ್ನ ರಿಪೇರಿ ಮೇಜಿಗೆ ಖಂಡೇನವಮಿಯ ಆಯುಧಪೂಜೆಗೆ ತಿಕ್ಕಿದ ಇಂಥದೊಂದು ಬಂದೇ ಬರುತ್ತದೆ. ಹೋದ ಸಲ ತಂದವರು ಬೈಲಹೊಂಗಲ ಕಡೆಯ ವಾಡೆಯವರು. ಅಜ್ಜನ ರಿವಾಲ್ವರ್, ಲೈಸನ್ಸ್ ಮೊಮ್ಮಗನ ಹೆಸರಿಗೆ ಆಗಿತ್ತು. "ಪೂಜಿಗೆ ಹುಣಸಿಹಣ್ಣ ಹಚ್ಚಿ ತಿಕ್ಕೀವ್ರೀ, ಹೆಂಗ ಥಳಥಳಾ ಅನ್ನಾಕತ್ತೈತಿ ನೋಡ್ರಿ" ಎಂದರು. ನನ್ನ ಎದೆ ಧಸಕ್ಕೆಂದಿತು.

ಮೊದಲು ಲಾಚ್ ಒತ್ತಿ ನಳಿಗೆ ಬಾಗಿಸಿದೆ. ಗುಂಡು ತುಂಬುವ ಆರೂ ಕೋಣೆ ಖಾಲಿ. ತಂದವರು ಎಷ್ಟೇ ಆಣೆ ಮಾಡಿ ಹೇಳಿದರೂ ಇದನ್ನು ನಾನು ಬಿಡುವುದಿಲ್ಲ. ಬ್ರಿಟಿಷ್ ಸೇನೆಯ ರಿವಾಲ್ವರ್ ವೆಬ್ಲಿ ಮಾರ್ಕ್ 6, ಆರಿಂಚಿನ ನಳಿಗೆ, ಕಿಲೋ ಮೀರಿದ ತೂಕ. ನಳಿಗೆ ಬಾಗುತ್ತಿದ್ದಂತೆ ಸಿಲಿಂಡರಿನ ನಡುವಿನ ನಕ್ಷತ್ರದಂಥ ತಟ್ಟೆ ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಮ್ಮೆಲೇ ಹೊರಹಾಕಿ, ಟಕ್ಕೆಂದು ಒಳಗಿಳಿಯುತ್ತದೆ. ಇಷ್ಟು ವರ್ಷದ ಮೇಲೂ ಆ ಟಕ್ ಸಡಿಲಾಗಿರಲಿಲ್ಲ. ಅದನ್ನು ಕೇಳಲೆಂದೇ ಎರಡು ಸಲ ಬಾಗಿಸಿದೆ.

"ಇದು ಚೆನ್ನಮ್ಮನ ಕಾಲದ್ದಂತ್ರೀ" ಎಂದರು. ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಬಂದೂಕು ತಯಾರಕ ಸ್ಯಾಮ್ಯುಯೆಲ್ ಕೋಲ್ಟ್‌ಗೆ ರಿವಾಲ್ವರಿನ ಅಮೆರಿಕನ್ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ಬ್ರಿಟಿಷ್ ಸೇನೆ ಮಾರ್ಕ್ 6 ಒಪ್ಪಿಕೊಂಡಿದ್ದು ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ. ಮನೆಯ ಕಥೆಗಿಂತ ಲೋಹದ ಮೇಲಿನ ಗುರುತು ನಂಬಬೇಕು. ಬಾಣದ ತಲೆಯಂಥ ಗುರುತೊಂದಿದ್ದರೆ ಸರ್ಕಾರದ ಸ್ವತ್ತು. ಎರಡು ಬಾಣ ಮೂತಿಗೆ ಮೂತಿ ತಾಗಿಸಿದಂತಿದ್ದರೆ, ಸೇನೆ ಅದನ್ನು ಅಧಿಕೃತವಾಗಿಯೇ ಮಾರಿದೆ ಎಂದರ್ಥ. ಅಂದರೆ ಅಜ್ಜನ ಕೈಗೆ ನೇರ ದಾರಿಯಲ್ಲೇ ಬಂದದ್ದು ಎಂಬುದಕ್ಕೆ ಅದೊಂದು ಸಾಕ್ಷಿ. ಭೂತಗನ್ನಡಿ ಹಿಡಿದು ನೋಡಿದೆ. ಒಂದು ಬಾಣ ಸ್ಪಷ್ಟ, ಎದುರಿನದು ಬರೀ ನೆರಳು. ಇಸವಿಯಲ್ಲಿ 19 ಉಳಿದಿತ್ತು. ಮುಂದಿನ ಎರಡಂಕಿ ವರ್ಷ ವರ್ಷದ ತಿಕ್ಕಾಟಕ್ಕೆ ಸವೆದುಹೋಗಿದ್ದವು.

ಉಕ್ಕಿನ ಮೇಲಿನ ನೀಲಿಗಪ್ಪು ಬಣ್ಣ ಪೇಂಟ್ ಅಲ್ಲ, ಕಬ್ಬಿಣದ್ದೇ ತೆಳು ಆಕ್ಸೈಡ್ ಪದರ. ಹುಣಸೆಯ ಹುಳಿ ಅದನ್ನು ತಿಂದುಹಾಕುತ್ತದೆ, ತಿಕ್ಕಲು ಬಳಸುವ ಬೂದಿಯು ಅಂಚುಗಳನ್ನು ಸವೆಸುತ್ತದೆ. ಸಂಗ್ರಹಕಾರರು ಬೆಲೆ ಕಟ್ಟುವುದು ಆ ಬಣ್ಣಕ್ಕೆ, ಗುರುತಿಗೆ, ಬಿಡಿಭಾಗಗಳ ಮೇಲೆ ಒಂದಕ್ಕೊಂದು ಹೊಂದುವ ನಂಬರಿಗೆ. ಮತ್ತೆ ಬಣ್ಣ ಹಾಕಿಸಿದರೆ ಹೊಸದಾಗಿ ಕಂಡೀತು, ಹೋದ ಅಂಕಿ ಬಾರದು. ಕಂದು ಬಣ್ಣಕ್ಕೆ ತಿರುಗಿದ ಹಳೇ ಮೈಯನ್ನು ಹಾಗೇ ಬಿಡಿ. ಕೆಂಪಗೆ ಪುಡಿ ಉದುರುವ ತುಕ್ಕು ಮಾತ್ರ ಅಪಾಯ. ಅದಕ್ಕೆ ತೆಳು ಮಷಿನ್ ಎಣ್ಣೆ, ಹತ್ತಿ ಬಟ್ಟೆ, ತಾಳ್ಮೆ ಸಾಕು. ಚರ್ಮದ ಚೀಲದಲ್ಲಿಟ್ಟು ಮರೆಯಬೇಡಿ. ನಮ್ಮ ಬೆಳಗಾವಿಯ ಜುಲೈ ಮಳೆಯಲ್ಲಿ ಚರ್ಮ ಹೀರಿದ ತೇವವೆಲ್ಲ ಉಕ್ಕಿಗೇ ಬರುತ್ತದೆ.

ಹಳೇದಾದರೆ ಲೈಸನ್ಸ್ ಬೇಡ ಎಂದು ಬಹಳ ಜನ ನಂಬಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೇ ಆಯುಧಕ್ಕೆ ಮಾತ್ರ. ಈ ವೆಬ್ಲಿ ಇಂದಿಗೂ ಹಾರುವ ಸ್ಥಿತಿಯಲ್ಲಿದೆ. ಲೈಸನ್ಸ್ ಇದ್ದ ಹಿರಿಯರು ತೀರಿಕೊಂಡರೆ, ತಡಮಾಡದೆ ಠಾಣೆಯಲ್ಲೋ ಲೈಸನ್ಸ್ ಇರುವ ಡೀಲರ್ ಬಳಿಯೋ ಜಮಾ ಮಾಡಿ ರಸೀದಿ ಪಡೆಯಿರಿ. ಆಮೇಲೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ.

ಪೂಜೆ ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ. ಆ ಮೊಮ್ಮಗನಿಗೆ ಒಂದು ಸಾಗವಾನಿ ಪೆಟ್ಟಿಗೆ ಮಾಡಿಸಲು ಹೇಳಿದೆ. ಮುಂದಿನ ಖಂಡೇನವಮಿಗೆ ಅರಿಶಿನ, ಕುಂಕುಮ, ಹೂವು ಎಲ್ಲ ಪೆಟ್ಟಿಗೆಯ ಮುಚ್ಚಳಕ್ಕೆ. ಅಜ್ಜನ ರಿವಾಲ್ವರ್ ಒಳಗೆ, ಎಣ್ಣೆ ಸವರಿದ ಬಟ್ಟೆಯಲ್ಲಿ.