ಮಧ್ಯಾಹ್ನದ ಅನ್ನ, ರಾತ್ರಿಯ ಒಗ್ಗರಣೆ

ಯುಗಾದಿಯ ಮಾರನೆಯ ಬೆಳಿಗ್ಗೆ ಪ್ರತಿವರ್ಷವೂ ಒಂದೆರಡು ಮನೆಗಳಿಂದ ನನಗೆ ಫೋನು ಬರುತ್ತದೆ. ಹಿಂದಿನ ರಾತ್ರಿ ಊಟವಾದ ಮೇಲೆ ಮೊದಲು ಮಕ್ಕಳಿಗೆ, ಆಮೇಲೆ ದೊಡ್ಡವರಿಗೂ ವಾಂತಿಯಾಯಿತು, ಕಾರಣ ಏನಿರಬಹುದು ಎಂದು ಕೇಳುತ್ತಾರೆ. ಆಹಾರದಲ್ಲಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸುವುದೇ ನನ್ನ ವೃತ್ತಿಯಾದ್ದರಿಂದ ಪರಿಚಯದವರು ವೈದ್ಯರನ್ನು ಕಂಡ ಬಳಿಕ ನನ್ನನ್ನು ಹುಡುಕುತ್ತಾರೆ. ಅಷ್ಟರಲ್ಲಿ ನೀರು, ಮೊಸರು, ಅಂಗಡಿಯ ಬೆಲ್ಲ, ಎಲ್ಲದರ ಮೇಲೂ ಅನುಮಾನ ಹೋಗಿರುತ್ತದೆ. ಅನ್ನದ ಮೇಲೆ ಮಾತ್ರ ಹೋಗಿರುವುದಿಲ್ಲ. ನಾನೇ ಅನ್ನದ ಮಾತೆತ್ತಿದರೆ ಎಲ್ಲ ಮನೆಗಳಿಂದಲೂ ಬರುವ ಉತ್ತರ ಒಂದೇ: "ಚೆನ್ನಾಗಿ ಬಿಸಿ ಮಾಡಿಯೇ ತಿಂದೆವಲ್ಲ ಮೇಡಂ." ಹಬ್ಬದಡುಗೆ ಹೇಗೆ ಮಾಡಬೇಕೆಂದು ಯಾರಿಗೂ ನಾನು ಹೇಳಿಕೊಡಬೇಕಾಗಿಲ್ಲ. ನನಗೆ ಹೇಳಬೇಕಾದದ್ದು ಈ ಒಂದು ಮಾತಿನ ಬಗ್ಗೆ ಮಾತ್ರ.

ಕೆಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಮನೆಯಲ್ಲಿ ಹಬ್ಬಕ್ಕೆ 22 ಮಂದಿ ಸೇರಿದ್ದರು. ಮನೆಯ ಹಿರಿಯಾಕೆ, ಎಪ್ಪತ್ತು ದಾಟಿದವರು, ಅನ್ನ ಕಡಿಮೆ ಬೀಳಬಾರದೆಂದು 4 ಕಿಲೋ ಅಕ್ಕಿ ಹಾಕಿಸಿದ್ದರು. ಒಬ್ಬಟ್ಟು, ಕೋಸಂಬರಿ, ಪಲ್ಯ, ಆಂಬೊಡೆ ಎಲ್ಲ ಎಲೆಯ ಮೇಲಿದ್ದ ದಿನ ಅಷ್ಟು ಅನ್ನ ಹೇಗೆ ತಾನೇ ಖರ್ಚಾದೀತು? ಅರ್ಧಕ್ಕೂ ಹೆಚ್ಚು ಉಳಿಯಿತು. ಬೆಳಿಗ್ಗೆ 11 ಗಂಟೆಗೆ ಒಲೆಯಿಂದ ಇಳಿಸಿದ ಆ ದೊಡ್ಡ ತಪ್ಪಲೆಗೆ ತಟ್ಟೆ ಮುಚ್ಚಿ ಅಡುಗೆಮನೆಯಲ್ಲೇ ಬಿಟ್ಟಿದ್ದರು. ರಾತ್ರಿ 9ಕ್ಕೆ ಅದೇ ಅನ್ನಕ್ಕೆ ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ ಕೊಟ್ಟು ಬಿಸಿಬಿಸಿ ಚಿತ್ರಾನ್ನ ಬಡಿಸಿದರು. ನಡುರಾತ್ರಿಯ ಹೊತ್ತಿಗೆ ಐದು ಜನರಿಗೆ ವಾಂತಿಯಾಗಿತ್ತು. ಉಳಿದ ಚಿತ್ರಾನ್ನವನ್ನು ಚೆಲ್ಲಿಬಿಟ್ಟಿದ್ದರಿಂದ ಪರೀಕ್ಷೆ ಮಾಡಲಾಗಲಿಲ್ಲ, ಆದ್ದರಿಂದ ಕಾರಣ ಇದೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ; ಆದರೆ ರೋಗದ ಲಕ್ಷಣ ಮತ್ತು ಅದು ಕಾಣಿಸಿಕೊಂಡ ಸಮಯ ಎರಡೂ ಆ ತಪ್ಪಲೆಯ ಕಡೆಗೇ ಬೊಟ್ಟು ಮಾಡುತ್ತಿದ್ದವು. "ನನ್ನ ಕೈಯಡುಗೆ ತಿಂದು ಮೊಮ್ಮಕ್ಕಳಿಗೆ ಹೀಗಾಯಿತಲ್ಲ" ಎಂದು ಆ ತಾಯಿ ಫೋನಿನಲ್ಲೇ ಅತ್ತುಬಿಟ್ಟರು. ಅವರ ಕೈಯಡುಗೆಯಲ್ಲಿ ಯಾವ ದೋಷವೂ ಇರಲಿಲ್ಲ. ಅನ್ನ ತಣಿದ ರೀತಿಯಲ್ಲಿ ದೋಷವಿತ್ತು.

ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುತ್ತದೆ, ಹಾಗಾಗಿ ಅಕ್ಕಿಯ ಜೊತೆಗೂ ಮನೆಗೆ ಬರುತ್ತದೆ. ಅದರ ಬೀಜಕಣಗಳು ಎಷ್ಟು ಗಟ್ಟಿಯೆಂದರೆ ಅನ್ನ ಬೇಯುವಾಗಿನ ಕುದಿತದಲ್ಲೂ ಅವೆಲ್ಲ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಆದಾಗ ಅವು ಮೊಳೆತು, ಗಂಟೆಗಟ್ಟಲೆ ಹಾಗೆಯೇ ಬಿಟ್ಟರೆ ಬೆಳೆದು, ಅನ್ನದಲ್ಲಿ ಒಂದು ವಿಷವನ್ನು ಬಿಡುತ್ತವೆ. ಊಟವಾದ 1ರಿಂದ 6 ಗಂಟೆಯೊಳಗೆ ವಾಂತಿ ಮಾಡಿಸುವುದು ಈ ವಿಷ. ರಾತ್ರಿಯ ಒಗ್ಗರಣೆಯ ಶಾಖಕ್ಕೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಮಾತ್ರ ಹೋಗುವುದಿಲ್ಲ. 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂವರೆ ಗಂಟೆ ಇಟ್ಟರೂ ಅದು ಉಳಿದುಕೊಳ್ಳುತ್ತದೆ. ನಮ್ಮ ಪ್ರೆಷರ್ ಕುಕ್ಕರ್ ಮುಟ್ಟುವ ಶಾಖವೇ ಸುಮಾರು ಅಷ್ಟು. ಈ ವಿಷಕ್ಕೆ ಹಳಸಿದ ವಾಸನೆಯಿಲ್ಲ, ರುಚಿಯೂ ಇಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಫ್ರೈಡ್ ರೈಸ್ ತಿಂದವರಿಗೆ ವಾಂತಿಯಾದ ಪ್ರಕರಣಗಳಿಂದ ಈ ರೋಗದ ಸ್ವರೂಪ ಸ್ಪಷ್ಟವಾಯಿತು. ಅಲ್ಲಿಯೂ ಮೊದಲೇ ಬೇಯಿಸಿ ಹೊರಗೆ ಬಿಟ್ಟಿದ್ದ ಅನ್ನವನ್ನು ಆಮೇಲೆ ಬಾಣಲೆಯಲ್ಲಿ ಬಿಸಿ ಮಾಡಿ ಕೊಟ್ಟಿದ್ದರು.

ಹಾಗಾದರೆ ದಿನನಿತ್ಯ ಹೀಗೇಕೆ ಆಗುವುದಿಲ್ಲ ಎಂದು ಕೇಳುತ್ತಾರೆ. ನಾಲ್ಕು ಜನರ ಅನ್ನ ಬೇಗ ಆರುತ್ತದೆ, ಉಳಿಯುವುದೂ ಒಂದು ಹಿಡಿ. ಹಬ್ಬದ ತಪ್ಪಲೆಯ ಅನ್ನ ಒಂದು ಮೊಳ ಎತ್ತರ ನಿಂತಿರುತ್ತದೆ. ಮೇಲೆ ಮುಟ್ಟಿದರೆ ತಣ್ಣಗಿದ್ದರೂ ನಡುವೆ ಸೌಟು ತೂರಿಸಿದರೆ ಹಬೆ ಏಳುತ್ತದೆ. ಅನ್ನದ ರಾಶಿಯ ದಪ್ಪ ಅರ್ಧಕ್ಕಿಳಿದರೆ ಅದು ತಣಿಯಲು ಬೇಕಾದ ಸಮಯ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಚಿತ್ರಾನ್ನಕ್ಕೆಂದು ನಮ್ಮ ಅಜ್ಜಿಯರು ಅನ್ನವನ್ನು ಹರಿವಾಣದಲ್ಲಿ ಹರವಿ ಆರಿಸುತ್ತಿದ್ದದ್ದು ಅಗುಳು ಬಿಡಿಯಾಗಲಿ ಎಂದು. ಸುರಕ್ಷತೆಗೂ ಅದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಊಟ ಮುಗಿಯುವವರೆಗೆ ಕಾಯದೆ, ಪಂಕ್ತಿಗೆ ಬೇಕಾದಷ್ಟನ್ನು ಬಿಸಿಯಾಗಿ ಇಟ್ಟುಕೊಂಡು ಉಳಿದದ್ದನ್ನು ಎರಡು ಬೆರಳಿನ ದಪ್ಪಕ್ಕೆ ಹರವಿ, ಹಬೆ ಹೋದ ಕೂಡಲೇ, ಅಂದರೆ ಅರ್ಧ ಮುಕ್ಕಾಲು ಗಂಟೆಯೊಳಗೆ, ಸಣ್ಣ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಇಡಬೇಕು. ಬೆಚ್ಚಗಿರುವುದನ್ನು ಫ್ರಿಜ್ಜಿಗೆ ಇಡಬಾರದೆಂದು ಸಂಜೆಯವರೆಗೆ ಕಾಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಇಡಬಾರದ್ದು ಬಿಸಿ ತಪ್ಪಲೆಯನ್ನು. ಅದು ತಾನೂ ತಣಿಯದೆ ಪಕ್ಕದ ಹಾಲನ್ನೂ ಬೆಚ್ಚಗಾಗಿಸುತ್ತದೆ. ಫ್ರಿಜ್ಜಿನಲ್ಲಿ ಜಾಗವಿಲ್ಲದಿದ್ದರೆ ನೀರಿನ ಬಾಟಲಿ, ಉಪ್ಪಿನಕಾಯಿ ಜಾಡಿಗಳನ್ನು ಆ ಒಂದು ದಿನ ಹೊರಗಿಡಿ.

"ನಮ್ಮ ಹಿರಿಯರು ತಂಗಳನ್ನ ತಿಂದು ಗಟ್ಟಿಮುಟ್ಟಾಗಿರಲಿಲ್ಲವೆ?" ಎಂಬ ಪ್ರಶ್ನೆ ಪ್ರತಿಸಲವೂ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ಅವರು ರಾತ್ರಿ ಮಿಕ್ಕ ಸ್ವಲ್ಪ ಅನ್ನಕ್ಕೆ ನೀರೋ ಮಜ್ಜಿಗೆಯೋ ಹಾಕಿಡುತ್ತಿದ್ದರು. ಅದು ಹುಳಿಯೇರುತ್ತಿತ್ತು, ಆ ಹುಳಿ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತಿತ್ತು. ಮುಚ್ಚಿಟ್ಟ ಬಿಸಿ ತಪ್ಪಲೆಯನ್ನು ಅದಕ್ಕೆ ಹೋಲಿಸುವುದು ಸರಿಯಲ್ಲ. ಮಾವಿನಕಾಯಿ ಅಥವಾ ಹುಣಸೆಯ ಹುಳಿ ಸ್ವಲ್ಪ ಕಾಪಾಡುತ್ತದೆ ನಿಜ, ಆದರೆ ಮನೆಯಲ್ಲಿ ಕಲಸುವಾಗ ಅದು ಎಲ್ಲ ಅಗುಳಿಗೂ ಸಮನಾಗಿ ತಗಲುವುದಿಲ್ಲವಾದ್ದರಿಂದ ನಾನು ಅದನ್ನು ನಂಬಿ ಕೂರುವುದಿಲ್ಲ.

ಒಬ್ಬಟ್ಟಿನ ಸಾರಿನ ವಿಷಯ ಸ್ವಲ್ಪ ಬೇರೆ. ಮಾರನೆಯ ದಿನದ ಸಾರಿಗೇ ರುಚಿ ಹೆಚ್ಚೆಂಬುದನ್ನು ನಾನೂ ಒಪ್ಪುತ್ತೇನೆ. ಅದನ್ನು ಎರಡು ಮೂರು ಸಣ್ಣ ಪಾತ್ರೆಗಳಿಗೆ ಬಗ್ಗಿಸಿ, ಅಗಲವಾದ ಬೇಸಿನ್ನಿನ ತಣ್ಣೀರಿನಲ್ಲಿಟ್ಟು ಸೌಟಾಡಿಸಿದರೆ ಬೇಗ ತಣಿಯುತ್ತದೆ, ಆಮೇಲೆ ಫ್ರಿಜ್ಜಿಗೆ ಇಡಬಹುದು. ಹೊಸತೊಡಕಿನ ಮಟನ್ ಸಾರಿಗೂ ಇದೇ ಕ್ರಮ. ಅದರಲ್ಲಿ ಬೆಳೆಯಬಲ್ಲ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ 43ರಿಂದ 47 ಡಿಗ್ರಿಯ ಬಿಸಿಯಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಇದನ್ನು ಮಾತ್ರ ತಿನ್ನುವ ಮೊದಲು ತಳದಿಂದ ಕುದಿಬರುವಂತೆ ಕಾಯಿಸಿದರೆ ಪ್ರಯೋಜನವಿದೆ, ಏಕೆಂದರೆ ಕಾಯಿಲೆ ತರುವುದು ಜೀವಂತವಾಗಿ ಹೊಟ್ಟೆ ಸೇರಿದ ಬ್ಯಾಕ್ಟೀರಿಯಾ. ಅನ್ನಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಮಂಡ್ಯದ ಆ ತಾಯಿ ಮುಂದಿನ ಯುಗಾದಿಗೆ ಬೆಳಿಗ್ಗೆಯೇ ಫೋನು ಮಾಡಿದ್ದರು. ಹರಿವಾಣ, ಡಬ್ಬಿ ಎಲ್ಲ ತೊಳೆದಿಟ್ಟಿದ್ದೇನೆ, ಆದರೆ ಫ್ರಿಜ್ಜಿನ ತುಂಬ ನಾಳೆಯ ಮಾಂಸವಿದೆ ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅವರೇ ಹೇಳಿದರು: "ಈ ಸಲ ಎರಡೂವರೆ ಕೆಜಿ ಹಾಕಿಸಿದೀನಿ ಕಣಮ್ಮ, ಸಾಲದಿದ್ರೆ ಇನ್ನೊಂದು ಕುಕ್ಕರ್ ಇಟ್ಕೋತೀನಿ."