ಕೊನೆಯ ಕುಂಡೆಕುಸ್ಕ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅನ್ನುವುದು ಹಳೇ ಮಾತು. ಚಳಿಯ ಹಿಂದೆಯೇ ಕೆರೆ ಏರಿಯ ಮೇಲಿನ ಬೈನಾಕ್ಯುಲರ್‌ಗಳೂ ಓಡಿಹೋಗುತ್ತವೆ. ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ವಲಸೆ ಹಕ್ಕಿ ನೋಡಲು ಕ್ಯಾಮೆರಾ ಹೊತ್ತವರು ಬೇಕಾದಷ್ಟು ಜನ ಸಿಗುತ್ತಾರೆ. ಫೆಬ್ರವರಿ ಕೊನೆಗೆ ಅವರನ್ನೇ ಕೇಳಿ, ‘ಸೀಸನ್ ಮುಗೀತಲ್ಲ ಸಾರ್’ ಅನ್ನುತ್ತಾರೆ. ನನಗೆ ಸೀಸನ್ ಶುರುವಾಗುವುದೇ ಆಗ.

ಒಂದು ಹಕ್ಕಿಯಿಂದ ಹೇಳುತ್ತೇನೆ. ಕೆರೆ ದಡದ ಕೆಸರಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಪುಟ್ಟ ಹಕ್ಕಿ, ಕುಂಡೆಕುಸ್ಕ. ಪುಸ್ತಕದಲ್ಲಿ ಸಿಪಿಲೆ ಅಂತ ಇರುತ್ತದೆ. ಆದರೆ ಒಂದು ಸಲ ಅದರ ನಡಿಗೆ ನೋಡಿದವರು ಬೇರೆ ಹೆಸರು ಕೇಳುವುದಿಲ್ಲ. ಇದರಲ್ಲೇ ಹಳದಿ ಸಿಪಿಲೆ ಅಂತ ಒಂದಿದೆ. ಚಳಿಗಾಲದಲ್ಲಿ ಅದಕ್ಕೆ ಆ ಹೆಸರು ಯಾಕೆ ಇಟ್ಟರೋ ಅನ್ನಿಸಬೇಕು, ಅಷ್ಟು ಮಾಸಲು. ಬೆನ್ನು ಕಂದು, ಎದೆ ಕೊಳೆ ಬಿಳಿ, ಎಲ್ಲೋ ಚೂರು ಹಳದಿ. ಫೆಬ್ರವರಿ ಮಧ್ಯದಲ್ಲಿ ಅದೇ ಹಕ್ಕಿಯನ್ನು ಹತ್ತಿರದಿಂದ ನೋಡಬೇಕು. ಗಂಟಲಿನ ಹತ್ತಿರ ಒಂದು ಗರಿ ಅಚ್ಚ ಹಳದಿ, ಪಕ್ಕದ್ದು ಹಳೇ ಬಿಳಿ. ಹೊಟ್ಟೆಯ ಮೇಲೆ ತೇಪೆ ತೇಪೆ. ಅರ್ಧ ಸುಣ್ಣ ಹೊಡೆದು ಮೇಸ್ತ್ರಿ ಊಟಕ್ಕೆ ಹೋದ ಗೋಡೆಯ ಹಾಗೆ. ಇನ್ನು ಮೂರು ವಾರ ಬಿಟ್ಟು ಬಂದರೆ ಕೆಸರಿನಲ್ಲಿ ಅರಿಸಿನದ ಕೊಂಬು ಓಡಾಡಿದ ಹಾಗೆ ಕಾಣುತ್ತದೆ.

ಇದು ಊರಿಗೆ ಹೊರಡುವ ತಯಾರಿ. ಮರಿ ಮಾಡುವ ಊರು ಇರುವುದು ಮಧ್ಯ ಏಷ್ಯಾ, ಸೈಬೀರಿಯಾದ ಕಡೆ. ಅಲ್ಲಿ ಹೋಗಿ ಗರಿ ಬದಲಿಸುತ್ತಾ ಕೂರಲು ಸಮಯವಿಲ್ಲ, ಬೇಸಿಗೆ ಬಹಳ ಚಿಕ್ಕದು. ಹಾಗಾಗಿ ಮದುವೆ ಬಟ್ಟೆ ನಮ್ಮ ಕೆರೆ ದಡದಲ್ಲೇ ತಯಾರಾಗಬೇಕು. ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಗಳದ್ದೂ ಇದೇ ಕಥೆ. ನವೆಂಬರ್‌ನಲ್ಲಿ ಬಾಲದ ತುದಿ ಮೊಂಡು. ಮಾರ್ಚ್ ಹೊತ್ತಿಗೆ ಎರಡು ಉದ್ದ ಎಳೆಗಳು ಹೊಸದಾಗಿ ಬೆಳೆದಿರುತ್ತವೆ.

ಹೊರಡುವ ಹೊತ್ತಾಯಿತು ಅಂತ ಇವಕ್ಕೆ ಹೇಳುವವರು ಯಾರು?

ಹಗಲು ಉದ್ದವಾಗುವುದರಿಂದ ಗೊತ್ತಾಗುತ್ತದೆ ಅನ್ನುವುದು ಶಾಲೆಯ ಉತ್ತರ. ಉತ್ತರವೇನೋ ಸರಿ, ಆದರೆ ಮೈಸೂರಿನಲ್ಲಿ ನಿಂತು ಲೆಕ್ಕ ಹಾಕಿದರೆ ತಮಾಷೆ ಶುರು. ನಮ್ಮಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಜೂನ್‌ನ ಅತಿ ಉದ್ದದ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆಯೂ ಇಲ್ಲ. ಮಾರ್ಚ್‌ನಲ್ಲಿ ಹಗಲು ದಿನಕ್ಕೆ ಬೆಳೆಯುವುದು ಮುಕ್ಕಾಲು ನಿಮಿಷಕ್ಕಿಂತ ಕಡಿಮೆ. ಅದೇ ಹೊತ್ತಿಗೆ ಮಂಗೋಲಿಯಾದಲ್ಲಿ ದಿನಕ್ಕೆ ಮೂರು ನಿಮಿಷಕ್ಕೂ ಜಾಸ್ತಿ. ಅಲ್ಲಿ ಇದ್ದಿದ್ದರೆ ಸುಮ್ನೆ ಕೂತಿದ್ದರೂ ಗೊತ್ತಾಗುತ್ತಿತ್ತು. ಇಲ್ಲಿ ಹೇಗೆ?

ಮೊದಲು ಬೆಳಕು ನೋಡುವ ವಿಷಯ. 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್, ಕೊರೆಯುವ ಚಳಿಯಲ್ಲಿ ಪುಟ್ಟ ಹಕ್ಕಿಗಳನ್ನು ಗೂಡಿನಲ್ಲಿಟ್ಟು ಬಲ್ಬ್ ಹಾಕಿ ಹಗಲನ್ನು ದಿನವೂ ಸ್ವಲ್ಪ ಸ್ವಲ್ಪ ಹಿಗ್ಗಿಸಿದರು. ಹೊರಗೆ ಹಿಮ ಇದ್ದರೂ ಹಕ್ಕಿಗಳ ಮೈಯೊಳಗೆ ವಸಂತ ಬಂದುಬಿಟ್ಟಿತು. ಸಂತಾನದ ಅಂಗಗಳು ಬೆಳೆದವು. ಆಮೇಲೆ ಅಮೆರಿಕದ ಮೈಕೆಲ್ ಮೆನೇಕರ್ 1960ರ ದಶಕದ ಕೊನೆಯಲ್ಲಿ ನಮ್ಮ ನಿಮ್ಮ ಗುಬ್ಬಚ್ಚಿಯನ್ನೇ ಹಿಡಿದು ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು. ಕಣ್ಣಿಲ್ಲದ ಗುಬ್ಬಚ್ಚಿಗೂ ಹಗಲಿನ ಉದ್ದ ತಿಳಿಯುತ್ತಿತ್ತು! ನೆತ್ತಿಯ ಗರಿ ಕಿತ್ತರೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ನೆತ್ತಿಯ ಚರ್ಮದ ಕೆಳಗೆ ಕಪ್ಪು ಶಾಯಿ ತುಂಬಿದರೆ ತಿಳಿಯುತ್ತಿರಲಿಲ್ಲ. ಅಂದರೆ ಬೆಳಕು ತಲೆಬುರುಡೆಯನ್ನು ದಾಟಿ ನೇರ ಮೆದುಳಿಗೇ ಹೋಗುತ್ತಿದೆ. ಮೆದುಳಿನ ಆಳದಲ್ಲಿ ಬೆಳಕು ಗುರುತಿಸುವ ಜೀವಕೋಶಗಳಿವೆ ಅಂತ ಈಗ ಗೊತ್ತು. ಪ್ರಯೋಗ ಓದುವಾಗ ಗುಬ್ಬಚ್ಚಿಯ ಬಗ್ಗೆ ಪಾಪ ಅನ್ನಿಸುತ್ತದೆ, ಅದು ಬೇರೆ ಮಾತು.

ಇನ್ನೊಂದು ವಿಷಯ ಒಳಗಿನ ಪಂಚಾಂಗ. ಜರ್ಮನಿಯ ಎಬರ್‌ಹಾರ್ಡ್ ಗ್ವಿನ್ನರ್ ವಲಸೆ ಹೋಗುವ ಉಲಿಯಕ್ಕಿಗಳನ್ನು ಕೋಣೆಯೊಳಗೆ ಇಟ್ಟು, ದಿನಾ 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಕೊಟ್ಟು ನೋಡಿದರು. ಹಗಲು ಹಿಗ್ಗಲಿಲ್ಲ, ಕುಗ್ಗಲಿಲ್ಲ. ಆದರೂ ಹಕ್ಕಿಗಳು ಹೊತ್ತಿಗೆ ಸರಿಯಾಗಿ ಗರಿ ಬದಲಿಸಿದವು, ಕೊಬ್ಬು ಕೂಡಿಸಿಕೊಂಡವು, ರಾತ್ರಿಯೆಲ್ಲ ಗೂಡಿನೊಳಗೆ ರೆಕ್ಕೆ ಬಡಿಯುತ್ತಾ ಚಡಪಡಿಸಿದವು. ಇಂಥ ಪ್ರಯೋಗಗಳಲ್ಲಿ ಒಂದೇ ಒಂದು ಎಡವಟ್ಟು: ಹೊರಗಿನ ಸುಳಿವಿಲ್ಲದೆ ಅವುಗಳ ‘ವರ್ಷ’ ಹತ್ತು ತಿಂಗಳ ಆಸುಪಾಸಿಗೆ ಇಳಿಯುತ್ತದೆ. ಗಡಿಯಾರ ಒಳಗೇ ಇದೆ, ಸ್ವಲ್ಪ ಮುಂದೆ ಓಡುತ್ತದೆ. ಹಗಲು ಬೆಳಕು ಅದನ್ನು ಹಿಡಿದು ಸರಿಮಾಡುತ್ತಾ ಇರುತ್ತದೆ. ನಮ್ಮ ಕೆರೆಗೆ ಬರುವ ಅತಿಥಿಗಳು ಆ ಮುಕ್ಕಾಲು ನಿಮಿಷವನ್ನೇ ನಂಬಿ ಕೂತಿಲ್ಲ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಚಡಪಡಿಕೆ ಅಂದೆನಲ್ಲ, ಅದನ್ನು ನೋಡಬೇಕಾದರೆ ಪಟ್ಟೆತಲೆ ಹೆಬ್ಬಾತಿನ ಹತ್ತಿರ ಹೋಗಬೇಕು. ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನುವ ಊರಿನ ಕೆರೆ ನನಗೆ ಹತ್ತಿರ. ಉತ್ತರ ಕರ್ನಾಟಕದವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ರಾತ್ರಿ ಹೊಲಕ್ಕೆ ಹೋಗಿ ಮೇಯುವುದು, ಬೆಳಗಾದ ಮೇಲೆ ನೀರಿಗೆ ಬಂದು ನಿದ್ದೆ ಹೊಡೆಯುವುದು ಇವುಗಳ ಚಳಿಗಾಲದ ಕೆಲಸ. ಹೊಲದವರು ಇದನ್ನು ಹೇಳುವಾಗ ಅಷ್ಟೇನೂ ನಗುವುದಿಲ್ಲ. ಫೆಬ್ರವರಿ ಕಳೆಯುತ್ತಿದ್ದಂತೆ ಹಗಲಿನ ನಿದ್ದೆ ಕೆಡುತ್ತದೆ. ಒಂದು ಗುಂಪು ಕಾರಣವಿಲ್ಲದೆ ಎದ್ದು, ಕೂಗುತ್ತಾ ಕೆರೆಗೆ ಎರಡು ಸುತ್ತು ಹಾಕಿ ಮತ್ತೆ ಇಳಿಯುತ್ತದೆ. ಬಸ್ ಬರುವ ಮುಂಚೆಯೇ ಚೀಲ ಹಿಡಿದು ಎದ್ದು ನಿಲ್ಲುವವರ ಹಾಗೆ.

ಮುಂದಿನ ದಾರಿ ಸಣ್ಣದಲ್ಲ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಬಾತುಗಳು ನಮ್ಮ ಕೆರೆಗಳಲ್ಲಿ ಕಂಡಿವೆ. ಮಧ್ಯದಲ್ಲಿ ಹಿಮಾಲಯ. ಇವು ಎವರೆಸ್ಟ್ ಮೇಲೆಯೇ ಹಾರುತ್ತವೆ ಅಂತ ಬಹಳ ಕಡೆ ಓದಿರುತ್ತೀರಿ. ಉಪಗ್ರಹದ ಪಟ್ಟಿ ಕಟ್ಟಿ ಅಳೆದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಹಾರಾಟದ ಬಹುಪಾಲು 5,500 ಮೀಟರ್‌ಗಿಂತ ಕೆಳಗೆ, ಕಣಿವೆಗಳ ದಾರಿ ಹಿಡಿದು. ಬೆಟ್ಟ ಏರಿದರೆ ಏರುತ್ತವೆ, ಇಳಿದರೆ ಇಳಿಯುತ್ತವೆ. ಒಂದೇ ಎತ್ತರದಲ್ಲಿ ನೆಟ್ಟಗೆ ಹೋಗಬಹುದಿತ್ತಲ್ಲ ಅನ್ನಿಸಬಹುದು. ಆದರೆ ಮೇಲೆ ಗಾಳಿ ತೆಳು, ರೆಕ್ಕೆ ಬಡಿತಕ್ಕೆ ಖರ್ಚು ಜಾಸ್ತಿ. ಕೆಳಗಿನ ದಟ್ಟ ಗಾಳಿಗೆ ಇಳಿದು, ಮತ್ತೆ ಏರುವುದೇ ಅಗ್ಗ. ಅದಕ್ಕೇ ರಾತ್ರಿ ಮತ್ತು ಬೆಳಗಿನ ಜಾವದ ತಣ್ಣನೆ ಗಾಳಿಯನ್ನು ಆರಿಸಿಕೊಳ್ಳುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಕೂಡ ಬೇರೆ ಬಾತುಗಳದ್ದಕ್ಕಿಂತ ಗಟ್ಟಿಯಾಗಿ ಆಮ್ಲಜನಕ ಹಿಡಿಯುತ್ತದೆ. ಎವರೆಸ್ಟ್ ಕಥೆಗಿಂತ ಈ ಜಿಪುಣತನದ ಕಥೆಯೇ ನನಗೆ ಇಷ್ಟ.

ಹೋಗುವವರ ಮಾತು ಇಷ್ಟಾಯಿತು. ಅದೇ ಹೊತ್ತಿನಲ್ಲಿ ಇಲ್ಲಿನವರು ಸಂಸಾರ ಹೂಡುತ್ತಿರುತ್ತಾರೆ. ಇದನ್ನು ನೋಡಲು ಎಲ್ಲರೂ ರಂಗನತಿಟ್ಟಿಗೆ ಹೋಗುತ್ತಾರೆ, ಹೋಗಲಿ. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಅರಸರು 1940ರಲ್ಲೇ ರಕ್ಷಿಸಿದ ಜಾಗ ಅದು, ದೋಣಿಯಲ್ಲಿ ಕೂತು ಗೂಡಿನ ಪಕ್ಕಕ್ಕೇ ಹೋಗಬಹುದು. ಆದರೆ ಒಂದೇ ಕಡೆಗೆ ಹೋಗಲು ಸಮಯವಿದೆ ಅಂದರೆ ನಾನು ಹೇಳುವುದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಅಲ್ಲಿ ಕೆರೆಯೂ ಬೇಡ, ದೋಣಿಯೂ ಬೇಡ. ಊರ ಬೀದಿಯಲ್ಲಿ ನಿಂತು ಕತ್ತೆತ್ತಿದರೆ ಸಾಕು. ಹುಣಸೆ ಮರದ ನೆತ್ತಿಯಲ್ಲಿ ಹೆಜ್ಜಾರ್ಲೆ (ಪೆಲಿಕನ್), ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆ. ಕೆಳಗೆ ಹಸು ಕಟ್ಟಿದ್ದಾರೆ, ಅದರ ಬೆನ್ನ ಮೇಲೆ ಬಿಳಿ ಪಿಚಕೆ. ಒಂದು ಗೂಡಿನಿಂದ ಅರ್ಧ ನುಂಗಿದ ಮೀನು ಟಪ್ ಅಂತ ಬೀದಿಗೆ ಬಿದ್ದದ್ದು, ನಾಯಿ ಬರುವ ಮುಂಚೆ ಬೆಕ್ಕು ಬಂದದ್ದು, ನಾನೇ ನೋಡಿದ್ದೇನೆ. ವಾಸನೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇದೆ. ಊರಿನವರು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಮಾತಿಗೆ ಹೇಳುವುದಲ್ಲ. ಹುಣಸೆ ಹಣ್ಣು ಬಡಿಯುವ ಕಾಲಕ್ಕೇ ಗೂಡಿನಲ್ಲಿ ಮರಿ ಇರುತ್ತದೆ, ಫಸಲು ಬಿಟ್ಟುಕೊಟ್ಟವರೂ ಇದ್ದಾರೆ. ಹಿಕ್ಕೆ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಲ್ಲೇ ಹೆಜ್ಜಾರ್ಲೆ ಬಳಗ ಹುಟ್ಟಿಕೊಂಡಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು.

ನೀರು ಕಡಿಮೆಯಾಗುವ ಹೊತ್ತಿಗೇ ಯಾಕೆ ಮರಿ ಮಾಡುತ್ತವೆ ಅನ್ನುವುದಕ್ಕೆ ಬಣ್ಣದ ಕೊಕ್ಕರೆಯ ಊಟ ನೋಡಬೇಕು. ಅದು ಮೀನನ್ನು ಕಣ್ಣಿಂದ ಹುಡುಕುವುದಿಲ್ಲ. ಕೊಕ್ಕನ್ನು ಸ್ವಲ್ಪ ತೆರೆದು ನೀರಿನಲ್ಲಿ ಮುಳುಗಿಸಿ, ಆ ಕಡೆ ಈ ಕಡೆ ಆಡಿಸುತ್ತಾ ನಡೆಯುತ್ತದೆ. ಕಾಲಿನಿಂದ ನೀರು ಕದಡುತ್ತದೆ. ಮೀನು ತಾಗಿತೋ, ಕೊಕ್ಕು ಪಟ್ ಅಂತ ಮುಚ್ಚುತ್ತದೆ. ಕುರುಡು ಬೇಟೆ. ತುಂಬಿದ ಕೆರೆಯಲ್ಲಿ ಇದು ನಡೆಯುವ ಕೆಲಸವಲ್ಲ. ನೀರು ಇಳಿದು, ಮೀನೆಲ್ಲ ಮೊಣಕಾಲುದ್ದದ ಗುಂಡಿಗಳಿಗೆ ಸೇರಿಕೊಂಡಾಗಲೇ ಲಾಭ. ನಮಗೆ ಕೆರೆ ಬತ್ತುತ್ತಿದೆ ಅನ್ನಿಸುವ ಹೊತ್ತಿಗೆ ಅದಕ್ಕೆ ಸಂತೆ ಕೂಡಿರುತ್ತದೆ.

ಮರಗಳ ಕಡೆಗೂ ಒಂದು ಕಣ್ಣಿಡಿ. ಎಲೆ ಉದುರಿಸಿ ನಿಂತ ಮುತ್ತುಗ, ಬೂರುಗ, ಹಾಲುವಾಣ ಮೂರೂ ಈಗಲೇ ಕೆಂಪಾಗುತ್ತವೆ. ಜೇನುಹುಳಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಕ್ಕಿಗೆ ಚೆನ್ನಾಗಿ ಕಾಣುತ್ತದೆ. ಬೂರುಗದ ಒಂದು ಮರದ ಕೆಳಗೆ ಅರ್ಧ ಗಂಟೆ ಕೂತರೆ ಸೂರಕ್ಕಿ, ಮೈನಾ, ಕಾಜಾಣ ಎಲ್ಲ ಬಂದು ಹೋಗುತ್ತವೆ. ಅದೃಷ್ಟವಿದ್ದರೆ ಗುಲಾಬಿ ಕಬ್ಬಕ್ಕಿಗಳ ಹಿಂಡು, ಮುಖಕ್ಕೆಲ್ಲ ಪರಾಗ ಬಳಿದುಕೊಂಡು. ಅವೂ ಮಧ್ಯ ಏಷ್ಯಾಕ್ಕೆ ಹೊರಟವೇ. ಒಣಗಿದ ಕೊಂಬೆಯ ತುದಿಯಲ್ಲಿ ಟುಕ್, ಟುಕ್, ಟುಕ್ ಅಂತ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ತಗಡು ಬಡಿಯುವುದು ಕಂಚುಗಾರ ಹಕ್ಕಿ. ಕೂಗುವಾಗ ಅದರ ಕೊಕ್ಕು ನೋಡಿ, ತೆರೆಯುವುದೇ ಇಲ್ಲ. ಗಂಟಲಿನ ಪಕ್ಕದ ಚರ್ಮ ಮಾತ್ರ ಉಬ್ಬಿ ಇಳಿಯುತ್ತದೆ.

ಕೋಗಿಲೆಯ ವಿಷಯದಲ್ಲಿ ನಾವೆಲ್ಲ ಮೋಸ ಹೋಗಿದ್ದೇವೆ. ವಸಂತ ಬಂತು, ಕೋಗಿಲೆ ಬಂತು ಅನ್ನುತ್ತೇವೆ. ಅದು ಬಂದಿದ್ದಲ್ಲ, ಇಲ್ಲೇ ಇತ್ತು. ಚಳಿಗಾಲವೆಲ್ಲ ಬಾಯಿ ಮುಚ್ಚಿಕೊಂಡು ಆಲ, ಅರಳಿ ಹಣ್ಣು ತಿನ್ನುತ್ತಾ ಕೂತಿತ್ತು. ಮಾವಿನ ಚಿಗುರು ತಿಂದು ದನಿ ಬಂತು ಅನ್ನುವುದೂ ಕವಿಗಳ ಔದಾರ್ಯ. ಗಂಡಿಗೆ ಈಗ ಹೆಣ್ಣು ಬೇಕು, ಆಮೇಲೆ ಕಾಗೆ ಗೂಡು ಬೇಕು, ಅಷ್ಟೇ. ಹೆಣ್ಣು ಕಪ್ಪಗಿರುವುದಿಲ್ಲ, ಕಂದು ಮೈಮೇಲೆ ಬಿಳಿ ಚುಕ್ಕಿ. ಬಹಳ ಜನ ಅದನ್ನು ನೋಡಿ ಗಿಡುಗ ಅಂದುಕೊಂಡಿರುತ್ತಾರೆ.

ಈ ತಿಂಗಳಲ್ಲಿ ಎಲ್ಲಿಗೆ ಹೋಗುವುದು ಅಂತ ಕೇಳಿದರೆ, ಮನೆ ಹತ್ತಿರದ ಕೆರೆಗೆ. ಕುಕ್ಕರಹಳ್ಳಿ, ಲಿಂಗಾಂಬುಧಿ ನನ್ನವು, ನಿಮ್ಮದು ನಿಮಗೆ ಗೊತ್ತಿರುತ್ತದೆ. ದಾಂಡೇಲಿಗೆ ಹೋಗಿ ಮಂಗಟ್ಟೆ ನೋಡಿ, ಬೇಡ ಅನ್ನುವುದಿಲ್ಲ. ಪೊಟರೆಯೊಳಗೆ ಹೆಣ್ಣು ತನ್ನನ್ನೇ ಮುಚ್ಚಿಕೊಂಡು ಕೂತಿರುವ, ಗಂಡು ಹಣ್ಣು ತಂದು ಸಂದಿನಿಂದ ತಿನ್ನಿಸುವ ಕಾಲ ಇದೇ. ಗೂಡಿನ ಬುಡದಲ್ಲಿ ಮಾತ್ರ ನಿಲ್ಲಬೇಡಿ, ಗಂಡು ಹಿಂಜರಿದು ಹಾಗೇ ವಾಪಸ್ ಹೋಗುತ್ತದೆ. ಆದರೆ ಒಂದೇ ಕೆರೆಗೆ ಹತ್ತು ಸಲ ಹೋದರೆ ಸಿಗುವುದು ಹತ್ತು ಊರಿಗೆ ಒಂದೊಂದು ಸಲ ಹೋದರೆ ಸಿಗುವುದಿಲ್ಲ.

ಯಾಕೆಂದರೆ ಹಕ್ಕಿ ಬಂದ ದಿನ ಬರೆಯುವುದು ಸುಲಭ. ಸೆಪ್ಟೆಂಬರ್‌ನಲ್ಲಿ ಕುಂಡೆಕುಸ್ಕ ಕಂಡಿತು, ಬರೆದೆ, ಮುಗಿಯಿತು. ಹೋದ ದಿನ ಬರೆಯುವುದು ಹೇಗೆ? ಇವತ್ತು ಕಂಡದ್ದೇ ಕೊನೆಯದು ಅಂತ ಇವತ್ತು ಗೊತ್ತಾಗುವುದಿಲ್ಲ. ನಾಳೆ ಹೋಗಬೇಕು, ನಾಡಿದ್ದು ಹೋಗಬೇಕು, ಹಕ್ಕಿ ಇಲ್ಲದ ದಡವನ್ನು ಅಷ್ಟೇ ಶ್ರದ್ಧೆಯಿಂದ ನೋಡಬೇಕು. ನಾನು ಒಂದು ವರ್ಷ ಮಾರ್ಚ್‌ನಲ್ಲಿ ಮದುವೆ ಮನೆಗಳ ಓಡಾಟದಲ್ಲಿ ಕೆರೆಗೆ ಹೋಗುವುದನ್ನೇ ಬಿಟ್ಟೆ. ನೋಟ್‌ಬುಕ್‌ನಲ್ಲಿ ಆ ವರ್ಷ ಎಲ್ಲ ಹಕ್ಕಿಗಳೂ ಒಂದೇ ದಿನ ಊರು ಬಿಟ್ಟಿವೆ. ಊರು ಬಿಟ್ಟವನು ನಾನು!

ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವಾಗ ಕೊನೆಗೆ ಒಂದು ಪ್ರಶ್ನೆ ಬರುತ್ತದೆ: ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಸುಮ್ನೆ ಕೇಳುವುದಲ್ಲ. ‘ಹೌದು’ ಅಂದರೆ ಬರೆಯದ ಹಕ್ಕಿ ನಮ್ಮ ಕಣ್ಣಿಗೆ ಬೀಳಲಿಲ್ಲ ಅಂತ ಅರ್ಥವಾಗುತ್ತದೆ, ಆ ‘ಇಲ್ಲ’ವೂ ಮಾಹಿತಿಯಾಗುತ್ತದೆ. ನೂರಾರು ಜನರ ‘ಇಲ್ಲ’ ಸೇರಿದಾಗಲೇ ಒಂದು ಹಕ್ಕಿ ಯಾವಾಗ ಹೊರಟಿತು ಅಂತ ಹೇಳಲು ಸಾಧ್ಯ. ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ, ಭಾರತದವರು 2013ರಿಂದ ಸೇರಿದ್ದೇವೆ. ಹದಿನೈದು ನಿಮಿಷ ನಿಂತು ಎಣಿಸಿದರೂ ಆಯಿತು. ಆದರೆ ಆ ನಾಲ್ಕು ದಿನ ಎಣಿಸಿದವರು ಏಪ್ರಿಲ್‌ನಲ್ಲೂ ಎಣಿಸಿದರೆ ನನ್ನಂಥವರಿಗೆ ಖುಷಿ.

ಈಗ ನೋಟ್‌ಬುಕ್‌ನಲ್ಲಿ ಯುಗಾದಿಯ ಪುಟಗಳು ಹೀಗಿರುತ್ತವೆ: ಹಳದಿ ಸಿಪಿಲೆ, ಎರಡು. ಹಳದಿ ಸಿಪಿಲೆ, ಎರಡು. ಹಳದಿ ಸಿಪಿಲೆ, ಒಂದು, ತಲೆಯೂ ಪೂರ್ತಿ ಬಣ್ಣ. ಆಮೇಲೆ, ಇಲ್ಲ. ಮಾರನೇ ದಿನ, ಇಲ್ಲ. ಅದರ ಮಾರನೇ ದಿನ, ಇಲ್ಲ, ಕೋಗಿಲೆ ಮೂರು, ಒಂದು ಹೆಣ್ಣು.