ಪದ ಪರಿಚಯ: ಗ್ರಾಚ್ಯುಟಿ

ಖಾಸಗಿ ಶಾಲೆಯೊಂದರ ಬೀಳ್ಕೊಡುಗೆ ಸಮಾರಂಭದ ವರದಿಯಲ್ಲಿ ಈಚೆಗೆ ಮತ್ತೆ ಅದೇ ಧಾಟಿಯ ವಾಕ್ಯ ಕಣ್ಣಿಗೆ ಬಿತ್ತು. 22 ವರ್ಷ ಸೇವೆ ಸಲ್ಲಿಸಿದ ಶಿಕ್ಷಕರೊಬ್ಬರಿಗೆ ಆಡಳಿತ ಮಂಡಳಿಯವರು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಫಲತಾಂಬೂಲದೊಂದಿಗೆ 25 ಸಾವಿರ ರೂಪಾಯಿಗಳ ‘ಗ್ರಾಚ್ಯುಟಿ ಕಾಣಿಕೆ’ಯನ್ನು ಅರ್ಪಿಸಿ ಔದಾರ್ಯ ಮೆರೆದರಂತೆ. ಶಾಲು, ಪೇಟ, ಫಲತಾಂಬೂಲಗಳು ಕಾಣಿಕೆಗಳೆಂಬುದರಲ್ಲಿ ತಕರಾರಿಲ್ಲ. ಆದರೆ ಗ್ರಾಚ್ಯುಟಿಯು, ಅಂದರೆ ಸೇವೆ ಮುಗಿದಾಗ ನೌಕರನಿಗೆ ಸಲ್ಲುವ ಇಡಿಗಂಟು, ಉದ್ಯೋಗದಾತನು ಕಾನೂನಿನ ಪ್ರಕಾರ ತೀರಿಸಲೇಬೇಕಾದ ಬಾಕಿಯಾಗಿರುವುದರಿಂದ, ಅದರ ಪಕ್ಕದಲ್ಲಿ ‘ಕಾಣಿಕೆ’ ಎಂಬ ಪದಕ್ಕಾಗಲಿ ‘ಔದಾರ್ಯ’ ಎಂಬ ಪದಕ್ಕಾಗಲಿ ಜಾಗವಿಲ್ಲ. ವಿದ್ಯುತ್ ಬಿಲ್ಲು ಕಟ್ಟಿದವರನ್ನು ದಾನಿಗಳೆಂದು ಯಾರೂ ಕರೆಯುವುದಿಲ್ಲ.

ಈ ತಪ್ಪಿಗೆ ಪದದ ಹುಟ್ಟೂ ಸ್ವಲ್ಪ ಕಾರಣವೆಂದು ಒಪ್ಪಬೇಕು. ಲ್ಯಾಟಿನ್ನಿನ ‘ಗ್ರಾಟುಸ್’ ಎಂದರೆ ಹಿತವಾದದ್ದು, ಮೆಚ್ಚುಗೆಯಾದದ್ದು, ಕೃತಜ್ಞತೆಯುಳ್ಳದ್ದು. ಪುಕ್ಕಟೆ ಎಂಬರ್ಥದ ‘ಗ್ರಾಟಿಸ್’, ಕೃಪೆ ಎಂಬರ್ಥದ ‘ಗ್ರೇಸ್’ ಮೊದಲಾದವು ಅದೇ ಕುಲದವು. ಹೊಗಳುವುದು ಎಂಬರ್ಥದ ಸಂಸ್ಕೃತದ ‘ಗೃಣಾತಿ’ಯೂ ದೂರದ ನೆಂಟ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. (ವಿಷಯ ಶಾಲೆಯದ್ದಾದ ಕಾರಣ ಯಾರಾದರೂ ‘ಗುರು’ ಶಬ್ದವನ್ನೂ ಈ ಸಂಸಾರಕ್ಕೆ ಸೇರಿಸಿಯಾರು. ಅದು ಬೇರೆ ಮೂಲದ್ದು, ಭಾರ ಎಂಬರ್ಥದ ‘ಗ್ರಾವಿಸ್’ ಅದರ ಬಂಧು.) ಇಂಗ್ಲಿಷಿಗೆ ಬಂದ ಮೇಲೆ ಗ್ರಾಚ್ಯುಟಿಯು ಮೊದಲು ಇನಾಮು ಎಂಬರ್ಥದಲ್ಲಿ ನಡೆಯಿತು, ಆಮೇಲೆ ಸೇವೆ ಮುಗಿಸಿದ ಸೈನಿಕನಿಗೆ ಕೊಡುವ ಇಡಿಗಂಟಿಗೂ ಹೋಟೆಲಿನ ಮಾಣಿಗೆ ಬಿಡುವ ಭಕ್ಷೀಸಿಗೂ ಒಂದೇ ಹೆಸರಾಯಿತು. ನಮ್ಮವರು ಅದನ್ನು ಕನ್ನಡಕ್ಕೆ ತರುವಾಗ ‘ಉಪದಾನ’ ಎಂದರು, ಮುಂದೆ ‘ಉಪಧನ’ ಎಂಬ ರೂಪವೂ ಪತ್ರಿಕೆಗಳಲ್ಲಿ ಓಡಾಡತೊಡಗಿತು. ಎರಡರಲ್ಲಿ ಎರಡನೆಯದು ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಮೊದಲನೆಯದರಲ್ಲಿ ದಾನವು ಎದ್ದು ಕಾಣುವಂತೆ ಕುಳಿತಿದೆ. ಅಮರಕೋಶವು ಪ್ರಾಭೃತ, ಉಪಾಯನ, ಉಪಹಾರಗಳ ಸಾಲಿನಲ್ಲಿಯೇ ‘ಉಪದಾ’ ಎಂಬುದನ್ನೂ ಇಟ್ಟಿದೆ, ಅಂದರೆ ದೊರೆಗೆ ಒಪ್ಪಿಸುವ ಕಪ್ಪಕಾಣಿಕೆಗಳ ಗುಂಪಿನಲ್ಲಿ. ಹೀಗೆ ಹೆಸರು ಎಲ್ಲಿಂದ ಬಂದರೂ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಎಂಬ ಚಿತ್ರವೇ ಅಂಟಿಕೊಂಡು ಬಂದಿದೆ.

ಕಾನೂನು ಮಾತ್ರ ಆ ಚಿತ್ರವನ್ನು ಬಹಳ ಹಿಂದೆಯೇ ಬಿಟ್ಟುಕೊಟ್ಟಿತು. ಗ್ರಾಚ್ಯುಟಿಯು ಹಿಂದೊಮ್ಮೆ ಮಾಲೀಕನ ಮರ್ಜಿಗೆ ಬಿಟ್ಟ ಪಾವತಿಯಾಗಿತ್ತಾದರೂ ಈಗ ಅದು ಭವಿಷ್ಯ ನಿಧಿ, ಪಿಂಚಣಿಗಳಂತೆ ನ್ಯಾಯಬದ್ಧವಾಗಿ ಕೇಳಬಹುದಾದ ನಿವೃತ್ತಿ ಸೌಲಭ್ಯವೆಂದು ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆರು ದಶಕಗಳ ಮೇಲಾಯಿತು. 1970ರಲ್ಲಿ ಕೇರಳವೂ ಮರುವರ್ಷ ಪಶ್ಚಿಮ ಬಂಗಾಳವೂ ತಮ್ಮದೇ ಶಾಸನಗಳನ್ನು ತಂದ ಮೇಲೆ, ಕೇಂದ್ರದ ಗ್ರಾಚ್ಯುಟಿ ಪಾವತಿ ಕಾಯ್ದೆ 1972ರ ಸೆಪ್ಟೆಂಬರ್ 16ರಿಂದ ಜಾರಿಗೆ ಬಂತು. ಕಾರ್ಖಾನೆ, ಗಣಿ, ಪ್ಲಾಂಟೇಷನ್, ರೈಲ್ವೆ, ಅಂಗಡಿ ಮುಂಗಟ್ಟುಗಳೆಲ್ಲ ಅದರ ವ್ಯಾಪ್ತಿಗೆ ಬಂದವು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಶಿಕ್ಷಣ ಸಂಸ್ಥೆಗಳಿಗೆ ಅದನ್ನು ವಿಸ್ತರಿಸಿದ್ದು 1997ರ ಏಪ್ರಿಲ್ 3ರ ಅಧಿಸೂಚನೆ. ಈ ಹತ್ತರ ಲೆಕ್ಕದಲ್ಲಿ ಆಯಾ, ವ್ಯಾನಿನ ಚಾಲಕ, ಕಾವಲುಗಾರ ಎಲ್ಲರೂ ಸೇರುತ್ತಾರೆ. ಒಮ್ಮೆ ಕಾಯ್ದೆ ಅನ್ವಯಿಸಿದ ಮೇಲೆ ಸಿಬ್ಬಂದಿ ಒಂಬತ್ತಕ್ಕೆ ಇಳಿದರೂ ಅದು ಅನ್ವಯಿಸುತ್ತಲೇ ಇರುತ್ತದೆ.

ಇಲ್ಲಿಗೆ ವಿಷಯ ಮುಗಿಯಬೇಕಾಗಿತ್ತು, ಆದರೆ ಮುಗಿಯಲಿಲ್ಲ. ಆಡಳಿತ ಮಂಡಳಿಗಳು ಇಂದಿಗೂ ಪಿಸುಗುಡುವ ‘ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ’ ಎಂಬ ಮಾತಿನ ಮೂಲ 2004ರ ಜನವರಿಯ ಒಂದು ತೀರ್ಪಿನಲ್ಲಿದೆ. ಅಧಿಸೂಚನೆಯು ಶಾಲೆಯನ್ನು ಕಾಯ್ದೆಯೊಳಕ್ಕೆ ತಂದಿತ್ತೇನೋ ನಿಜ, ಆದರೆ ಕಾಯ್ದೆಯಲ್ಲಿ ‘ನೌಕರ’ ಎಂಬ ಪದಕ್ಕೆ ಕೊಟ್ಟಿದ್ದ ವ್ಯಾಖ್ಯೆಯು ಕುಶಲ, ಅರೆಕುಶಲ, ಅಕುಶಲ, ದೈಹಿಕ, ಮೇಲ್ವಿಚಾರಣೆಯ, ತಾಂತ್ರಿಕ ಅಥವಾ ಗುಮಾಸ್ತೆಯ ಕೆಲಸ ಮಾಡುವವನು ಎಂದಿತ್ತು. ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘದ ಪ್ರಕರಣದಲ್ಲಿ ನ್ಯಾಯಾಲಯವು, ಪಾಠ ಹೇಳುವುದು ಈ ಯಾವ ಖಾನೆಗೂ ಸೇರುವುದಿಲ್ಲವೆಂದು ತೀರ್ಮಾನಿಸಿತು. ಶಿಕ್ಷಕರಿಗೆ ಕೌಶಲವಿಲ್ಲವೆಂದು ಅದು ಹೇಳಲಿಲ್ಲ. ಅಕುಶಲ, ಅರೆಕುಶಲಗಳ ನಡುವೆ ಬರುವ ‘ಕುಶಲ’ ಎಂಬ ಪದವನ್ನು ಅದರ ನೆರೆಹೊರೆಯೊಂದಿಗೇ ಓದಬೇಕು, ಅದು ಕಾರ್ಮಿಕರ ದರ್ಜೆಗಳನ್ನು ಸೂಚಿಸುವ ಪದವೇ ಹೊರತು ವಿದ್ಯೆಯನ್ನು ಸೂಚಿಸುವುದಲ್ಲ ಎಂಬುದು ಅದರ ವಾದ. ಭವಿಷ್ಯ ನಿಧಿಯ ಕಾಯ್ದೆಯಲ್ಲಿರುವಂತೆ ‘ಯಾವುದೇ ಬಗೆಯ ಕೆಲಸ’ ಎಂಬ ಅಗಲವಾದ ಮಾತು ಇಲ್ಲಿಲ್ಲವೆಂದೂ, ಶಾಸಕಾಂಗವು ಬೇಕಿದ್ದರೆ ಈ ಬಗ್ಗೆ ಯೋಚಿಸಲಿ ಎಂದೂ ಅದೇ ತೀರ್ಪಿನಲ್ಲಿದೆ. ತೀರ್ಪನ್ನು ಉಲ್ಲೇಖಿಸುವ ಮಂಡಳಿಗಳು ಈ ಕೊನೆಯ ಮಾತನ್ನು ಓದಿದಂತೆ ಕಾಣುವುದಿಲ್ಲ.

ಶಿಕ್ಷಕರನ್ನು ದುಡಿಯುವವರ ಪಟ್ಟಿಯಿಂದ ಹೊರಗಿಡುವ ಪರಿಪಾಠಕ್ಕೆ ಇನ್ನೂ ಹಳೆಯ ಚರಿತ್ರೆಯಿದೆ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಸುಪ್ರಸಿದ್ಧ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಯೂ ‘ಉದ್ಯಮ’ವೇ ಎಂದಿತು. ಹತ್ತು ವರ್ಷದ ಮೇಲೆ, 1988ರಲ್ಲಿ, ಗೋವಾದ ಶಿಕ್ಷಕಿ ಸುಂದರಾಂಬಾಳ್ ಅವರ ಪ್ರಕರಣದಲ್ಲಿ, ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ‘ಕಾರ್ಮಿಕ’ರಲ್ಲ ಎಂದಿತು. ಶಿಕ್ಷಣವೆಂಬುದು ಉದಾತ್ತ ವೃತ್ತಿ ಎಂಬ ಗೌರವದ ಮಾತು ಆ ತೀರ್ಪಿನಲ್ಲಿದೆ. ಶಾಲೆ ಉದ್ಯಮ, ಅದರ ಗುಮಾಸ್ತೆ ಕಾರ್ಮಿಕ, ಆದರೆ ಯಾರಿಗಾಗಿ ಶಾಲೆ ನಡೆಯುತ್ತದೆಯೋ ಆ ಮಕ್ಕಳಿಗೆ ಪಾಠ ಹೇಳುವವರು ಮಾತ್ರ ಕಾರ್ಮಿಕರಲ್ಲ. ಕೂರಿಸಿದ ಪೀಠ ಎತ್ತರವಾದಷ್ಟೂ ಸಂಬಳದ ಪಟ್ಟಿಯಿಂದ ದೂರವಾಗುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಸೆಪ್ಟೆಂಬರ್ 5ರ ಭಾಷಣಗಳನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2009ರಲ್ಲಿ ಸಂಸತ್ತು ಯೋಚಿಸಿತು. ‘ಯಾವುದೇ ಬಗೆಯ ಕೆಲಸ’ ಎಂಬ ಮಾತನ್ನು ನೌಕರ ಪದದ ವ್ಯಾಖ್ಯೆಗೆ ಸೇರಿಸಿತಲ್ಲದೆ, ಆ ತಿದ್ದುಪಡಿಯು 1997ರ ಏಪ್ರಿಲ್ 3ರಿಂದಲೇ ಪೂರ್ವಾನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳ ಒಕ್ಕೂಟಗಳು ಇದನ್ನು ಪ್ರಶ್ನಿಸಿದವು: ನ್ಯಾಯಾಲಯದ ತೀರ್ಪನ್ನು ಸಂಸತ್ತು ತಳ್ಳಿಹಾಕುವಂತಿಲ್ಲ, ಹಿಂದಿನ ವರ್ಷಗಳ ಹೊರೆಯನ್ನು ಈಗ ಹೊರಿಸುವುದು ಅನ್ಯಾಯ ಎಂಬುದು ವಾದ. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದು, ಹಳೆಯ ಕಾನೂನಿನಲ್ಲಿದ್ದ ಲೋಪವನ್ನು ಸರಿಪಡಿಸುವ ಅಧಿಕಾರ ಸಂಸತ್ತಿಗಿದೆಯೆಂದೂ, ಲೋಪದ ಲಾಭವನ್ನು ಯಾರೂ ಶಾಶ್ವತ ಹಕ್ಕೆಂದು ಕೇಳಲಾಗದೆಂದೂ ಹೇಳಿತು. ಬಾಕಿಯನ್ನು ಬಡ್ಡಿಸಮೇತ ಆರು ವಾರಗಳೊಳಗೆ ಕೊಡುವಂತೆ ಶಾಲೆಗಳಿಗೆ ಆದೇಶಿಸಿತು. ಆದ್ದರಿಂದ 2004ರ ತೀರ್ಪನ್ನು ಇಂದು ಎತ್ತಿ ಆಡುವವರು ಸತ್ತ ಕಾನೂನನ್ನು ಆಡುತ್ತಿದ್ದಾರೆ. 2025ರ ನವೆಂಬರ್ 21ರಿಂದ 1972ರ ಕಾಯ್ದೆಯ ಸ್ಥಾನಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಂತೂ ವ್ಯಾಖ್ಯೆಯನ್ನು ಆಡಳಿತಾತ್ಮಕ, ವ್ಯವಸ್ಥಾಪಕ ಹಾಗೂ ಇತರ ಯಾವುದೇ ಕೆಲಸಕ್ಕೆ ಹರಡಿರುವುದರಿಂದ ಮುಖ್ಯೋಪಾಧ್ಯಾಯರಿಂದ ಜವಾನರವರೆಗೆ ಯಾರೂ ಹೊರಗುಳಿಯುವುದಿಲ್ಲ.

ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ಬರುವ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಯಲ್ಲಿ ಉಳಿಯುವ ಅವಧಿ ಆರು ತಿಂಗಳು ಮೀರಿದರೆ ಅದೂ ಒಂದು ವರ್ಷ. ತಿಂಗಳಿಗೆ 26,000 ರೂಪಾಯಿ ಪಡೆಯುತ್ತ 12 ವರ್ಷ 7 ತಿಂಗಳು ದುಡಿದವರಿಗೆ ವರ್ಷಕ್ಕೆ 15,000ದಂತೆ 13 ವರ್ಷಕ್ಕೆ 1,95,000 ಸಲ್ಲುತ್ತದೆ. ಅದೇ ವೇತನದಲ್ಲಿ 22 ವರ್ಷ ದುಡಿದಿದ್ದರೆ 3,30,000. ಹಾಗಿರುವಲ್ಲಿ 25 ಸಾವಿರದ ಲಕೋಟೆಯನ್ನು ಕೊಟ್ಟ ಮಂಡಳಿಯು ಮೆರೆದದ್ದು ಏನನ್ನು ಎಂಬುದನ್ನು ಓದುಗರೇ ಊಹಿಸಬಹುದು. ಕಾನೂನಿನ ಗರಿಷ್ಠ ಮಿತಿ 2018ರ ಮಾರ್ಚ್ 29ರಿಂದ 20 ಲಕ್ಷ ರೂಪಾಯಿ, ಆದರೆ ನಮ್ಮ ಖಾಸಗಿ ಶಾಲೆಗಳ ಸಂಬಳದಲ್ಲಿ ಅದು ಬಹುತೇಕರಿಗೆ ಸಂಬಂಧಿಸದ ವಿಚಾರ.

ಲೆಕ್ಕ ಸುಲಭವಾಗಿರುವುದರಿಂದಲೇ ಅದನ್ನು ಕುಗ್ಗಿಸುವ ಕಸರತ್ತೂ ಬೆಳೆದಿದೆ. ಮೂಲವೇತನವನ್ನು 8,000ಕ್ಕೆ ಇಳಿಸಿ, ಉಳಿದ 14,000ವನ್ನು ‘ಮನೆ ಬಾಡಿಗೆ ಭತ್ಯೆ’, ‘ಪ್ರಯಾಣ ಭತ್ಯೆ’ ಎಂದು ತೋರಿಸುವುದು ಒಂದು ಬಗೆ. ಹೊಸ ಸಂಹಿತೆಯು ಇದಕ್ಕೆ ಕಡಿವಾಣ ಹಾಕಿದೆ: ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಅಂದರೆ ಮೇಲಿನ ಉದಾಹರಣೆಯಲ್ಲಿ ಲೆಕ್ಕಕ್ಕೆ ಬರುವುದು 8,000 ಅಲ್ಲ, 11,000. ಇನ್ನೊಂದು ಬಗೆಯೆಂದರೆ ನೌಕರರ ಸಂಬಳದಿಂದಲೇ ಪ್ರತಿ ತಿಂಗಳೂ ಗ್ರಾಚ್ಯುಟಿಯ ಹೆಸರಿನಲ್ಲಿ ಶೇಕಡ 4.81ನ್ನು ಮುರಿದುಕೊಳ್ಳುವುದು. ಈ ಅಂಕಿ 15ನ್ನು 26ರಿಂದಲೂ 12ರಿಂದಲೂ ಭಾಗಿಸಿದಾಗ ಬರುವಂಥದ್ದು, ಮಾಲೀಕನು ತನ್ನ ಮುಂದಿನ ಹೊಣೆಗೆ ಎತ್ತಿಡಬೇಕಾದ ಮೊತ್ತವನ್ನು ತಿಳಿಸುತ್ತದೆ. ಭವಿಷ್ಯ ನಿಧಿಯಲ್ಲಿ ಇಬ್ಬರದೂ ಪಾಲಿದೆ, ಗ್ರಾಚ್ಯುಟಿಯಲ್ಲಿ ನೌಕರನ ಪಾಲೆಂಬುದೇ ಇಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ‘ಪಿಎಫ್-ಗ್ರಾಚ್ಯುಟಿ ಕಟಿಂಗ್’ ಎನ್ನುವ ರೂಢಿಯನ್ನು ಇನ್ನಾದರೂ ಬಿಡಬೇಕು.

ಮೂರನೆಯ ಬಗೆ ಶಾಲೆಗಳಿಗೇ ವಿಶಿಷ್ಟವಾದದ್ದು. ಜೂನ್‌ನಲ್ಲಿ ನೇಮಕಾತಿ ಆದೇಶ ಕೊಟ್ಟು, ಮಾರ್ಚ್ ಕೊನೆಗೆ ಬಿಡುಗಡೆ ಮಾಡಿ, ಬೇಸಿಗೆ ರಜೆ ಕಳೆದ ಮೇಲೆ ಮತ್ತೆ ಅದೇ ತರಗತಿಗೆ ಅದೇ ಶಿಕ್ಷಕಿಯನ್ನು ‘ಹೊಸದಾಗಿ’ ಸೇರಿಸಿಕೊಳ್ಳುವುದು. ಸೇವೆ ಪ್ರತಿ ವರ್ಷ ತುಂಡಾಯಿತು, ಆದ್ದರಿಂದ ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ನಿರಂತರ ಸೇವೆ ಎಂದೂ ಪೂರ್ತಿಯಾಗದು ಎಂಬುದು ಲೆಕ್ಕಾಚಾರ. ಆದರೆ ಕಾನೂನಿನ ದೃಷ್ಟಿಯಲ್ಲಿ ನಿರಂತರ ಸೇವೆಯು ಆದೇಶದ ಕಾಗದದ ಮೇಲೆ ನಿಂತದ್ದಲ್ಲ. ಹನ್ನೆರಡು ತಿಂಗಳಲ್ಲಿ 240 ದಿನ, ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಯಲ್ಲಾದರೆ 190 ದಿನ ದುಡಿದಿದ್ದರೆ, ಆ ವರ್ಷವನ್ನು ನಿರಂತರ ಸೇವೆಯೆಂದೇ ಎಣಿಸಬೇಕು. ಸಂಬಳಸಹಿತ ರಜೆಯ ದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಹಾಜರಾತಿ ಪುಸ್ತಕದ ಪ್ರತಿಗಳನ್ನೂ ಸಂಬಳ ಜಮೆಯಾದ ಬ್ಯಾಂಕಿನ ಪಾಸ್‌ಬುಕ್ಕನ್ನೂ ಶಿಕ್ಷಕರು ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿ. ವಿಚಿತ್ರವೆಂದರೆ, ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ನೇಮಕವು ಮುಗಿದಾಗ ಐದು ವರ್ಷದ ಷರತ್ತೇ ಅನ್ವಯಿಸುವುದಿಲ್ಲ. ದುಡಿದ ಕಾಲಕ್ಕೆ ತಕ್ಕ ಪ್ರಮಾಣದಲ್ಲಿ ಗ್ರಾಚ್ಯುಟಿ ಕೊಡಬೇಕು. ತಪ್ಪಿಸಿಕೊಳ್ಳಲೆಂದು ಹೂಡಿದ ಒಪ್ಪಂದ ಪದ್ಧತಿಯೇ ಇನ್ನು ಮಂಡಳಿಗಳ ಕೊರಳಿಗೆ ಬರಲಿದೆ, ನನಗಂತೂ ಅದರ ಬಗ್ಗೆ ಮರುಕವಿಲ್ಲ.

ರಾಜೀನಾಮೆ ಕೊಟ್ಟವರಿಗೆ ಗ್ರಾಚ್ಯುಟಿ ಇಲ್ಲವೆಂಬುದೂ ಸುಳ್ಳು. ಐದು ವರ್ಷ ಪೂರೈಸಿದ್ದರೆ ನಿವೃತ್ತಿಯಂತೆಯೇ ರಾಜೀನಾಮೆಯೂ. ಮರಣ ಅಥವಾ ಅಂಗವೈಕಲ್ಯದಿಂದ ಸೇವೆ ನಿಂತರೆ ಐದು ವರ್ಷವೂ ಬೇಕಿಲ್ಲ. ಅನುಭವ ಪತ್ರಕ್ಕಾಗಿ ‘ಸಂಸ್ಥೆಯಿಂದ ಯಾವುದೇ ಬಾಕಿ ಇಲ್ಲ’ ಎಂದು ಬರೆಸಿಕೊಂಡ ಕಾಗದವು ಹಕ್ಕನ್ನು ಅಳಿಸುವುದಿಲ್ಲ, ಏಕೆಂದರೆ ಕಾನೂನಿಗಿಂತ ಕಡಿಮೆ ಕೊಡುವ ಒಪ್ಪಂದಕ್ಕೆ ಇಲ್ಲಿ ಬೆಲೆಯಿಲ್ಲ. ಮುಟ್ಟುಗೋಲಿಗೆ ಅವಕಾಶವಿರುವುದು ಕೆಲವೇ ಸಂದರ್ಭಗಳಲ್ಲಿ: ಉದ್ದೇಶಪೂರ್ವಕ ಕೃತ್ಯ ಅಥವಾ ನಿರ್ಲಕ್ಷ್ಯದಿಂದ ಸಂಸ್ಥೆಗೆ ನಷ್ಟ ಮಾಡಿ ವಜಾಗೊಂಡಿದ್ದರೆ ನಷ್ಟದಷ್ಟು ಮಾತ್ರ, ದಾಂಧಲೆ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ವಜಾಗೊಂಡಿದ್ದರೆ ಭಾಗಶಃ ಅಥವಾ ಪೂರ್ತಿ. ನೋಟಿಸ್ ಅವಧಿ ಪೂರೈಸದಿರುವುದು, ಪಕ್ಕದ ಶಾಲೆಗೆ ಸೇರಿದ್ದು, ಫಲಿತಾಂಶ ಕಡಿಮೆ ಬಂದದ್ದು ಈ ಪಟ್ಟಿಯಲ್ಲಿಲ್ಲ.

ಯಾರ ಬಳಿಗೆ ಹೋಗಬೇಕೆಂಬ ವಿಷಯದಲ್ಲಿ ಗೊಂದಲ ವಿಪರೀತವಾಗಿರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ರಾಜ್ಯದ ಖಾಸಗಿ ಶಾಲೆಯಿಂದ ವಜಾಗೊಂಡ ಶಿಕ್ಷಕರು ಕರ್ನಾಟಕ ಶಿಕ್ಷಣ ಕಾಯ್ದೆಯ 94ನೆಯ ಪ್ರಕರಣದಡಿ ಮೂರು ತಿಂಗಳೊಳಗೆ ಜಿಲ್ಲಾ ನ್ಯಾಯಾಧೀಶರು ನಡೆಸುವ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುತ್ತಾರೆ. ಗ್ರಾಚ್ಯುಟಿ ಅಲ್ಲಿಯ ವಿಷಯವಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯ ವಿಷಯವಂತೂ ಅಲ್ಲವೇ ಅಲ್ಲ. ಮೊದಲು ಶಾಲೆಗೆ ಲಿಖಿತ ಅರ್ಜಿ ಕೊಡಬೇಕು. ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಪಾವತಿಯಾಗಬೇಕು, ತಡವಾದರೆ ಬಡ್ಡಿ ಸೇರುತ್ತದೆ. ಕೊಡದಿದ್ದರೆ ಅಥವಾ ಮೊತ್ತದಲ್ಲಿ ವಿವಾದವಿದ್ದರೆ ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಅರ್ಜಿ ಹಾಕಬೇಕು. ಅವರ ಆದೇಶಕ್ಕೂ ಶಾಲೆ ಮಣಿಯದಿದ್ದರೆ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಯ ಮೂಲಕ ವಸೂಲಿ ಮಾಡಬಹುದು. ಹಣವಿಲ್ಲ ಎಂಬ ನೆಪಕ್ಕೂ ಈಗ ಹೆಚ್ಚು ತೂಕವಿಲ್ಲ. ಈ ಹೊಣೆಗೆ ಮಾಲೀಕರು ಮುಂಚಿತವಾಗಿ ವಿಮೆ ಮಾಡಿಸಬೇಕೆಂದು ಕರ್ನಾಟಕ ಸರ್ಕಾರವು 2024ರ ಜನವರಿಯಲ್ಲಿಯೇ ಕಡ್ಡಾಯ ಗ್ರಾಚ್ಯುಟಿ ವಿಮಾ ನಿಯಮಗಳನ್ನು ಹೊರಡಿಸಿದೆ.